ಅಡುಗೆ ಕಟ್ಟೆಗೆ ಗಟ್ಟಿ ಮರದ ಹಲಗೆ: ಯಾವ ಮರ ತರೋದು, ಮೇಲೆ ಏನು ಹಚ್ಚೋದು? (ಪುಣೆ)

ಕೊತ್ರೂಡ್_ಅಡಿಗಿಮನಿ

ನಮಸ್ಕಾರ್ರೀ ಎಲ್ಲಾರಿಗೂ. ಕೊತ್ರೂಡದಾಗಿನ ನಮ್ಮ ಹಳೇ ಫ್ಲ್ಯಾಟಿನ ಅಡಿಗಿಮನಿ ಪೂರ್ತಿ ಕಿತ್ತು ಹೊಸದಾಗಿ ಮಾಡಸ್ಲಿಕ್ಕೆ ಹತ್ತೀವಿ. ಓಟಾ (ಅಡಿಗಿ ಕಟ್ಟಿಗೆ ಇಲ್ಲಿ ಹಂಗ ಅಂತಾರ) ಒಂಬತ್ತು ಫೂಟ್ ಉದ್ದ, ಎರಡು ಫೂಟ್ ಅಗಲ ಅದ. ಎಲ್ಲಾರ ಮನ್ಯಾಗಿರೋ ಕರಿ ಗ್ರಾನೈಟ್ ಬ್ಯಾಡ, ಈ ಸರ್ತಿ ಗಟ್ಟಿ ಮರದ ಹಲಿಗಿ ಹಾಕಸ್ಬೇಕು ಅನ್ನೋದು ನನ್ನ ಆಸೆ. ಬುಚರ್ ಬ್ಲಾಕ್ ಅಂತಾರಲ್ಲ, ಮರದ ಪಟ್ಟಿ ಒಂದಕ್ಕೊಂದು ಅಂಟಿಸಿ ಮಾಡಿದ್ದು, ಅದು.

ತೊಂದ್ರಿ ಏನಂದ್ರ, ಕೇಳಿದವರೆಲ್ಲಾ ಒಂದೊಂದು ಹೇಳ್ತಾರ. ಇಂಟೀರಿಯರ್‌ದವರು ಹೊರದೇಶದ ಬೀಚ್ ಮರ ತರಸಿ ಮ್ಯಾಲ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡಸ್ರಿ ಅಂತಾರ. ನಮ್ಮ ಸುತಾರ, ಅಂದ್ರ ಬಡಗಿ, ಸಾಗವಾನಿ (ತೇಗ) ಬಿಟ್ಟು ಬ್ಯಾರೆ ಮಾತಾಡಂಗಿಲ್ಲ, ಮೆಲಮೈನ್ ಪಾಲಿಶ್ ಹೊಡದ್ರ ಫಳಫಳ ಹೊಳೀತದ ಅಂತಾನ. ನಮ್ಮ ನಾದಿನಿ ರಬ್ಬರ್ ವುಡ್ ಸೋವಿ ಅದ, ಅದನ್ನ ಹಾಕಸ್ರಿ ಅಂತಾಳ.

ನಮ್ಮನ್ಯಾಗ ದಿನಾ ಜ್ವಾಳದ ರೊಟ್ಟಿ ಬಡೀತೀವಿ, ಅದೂ ಓಟಾದ ಮ್ಯಾಲನ. ಅರಿಷಿಣ, ಹುಣಸಿಹಣ್ಣು, ಕುಕ್ಕರು, ಗ್ರೈಂಡರು ಎಲ್ಲಾ ಅದರ ಮ್ಯಾಲನ. ಯಾವ ಮರ, ಎಷ್ಟು ದಪ್ಪ, ಮ್ಯಾಲ ಏನು ಹಚ್ಚಬೇಕು? ತಿಳಿದವರು ಬಿಡಿಸಿ ಹೇಳ್ರಿ.

ವಾಶಿ_ಮೀನೂಟ

ಅಕ್ಕಾ, ಒಂಬತ್ತಡಿಯೂ ಮರ ಬೇಡವೇ ಬೇಡ. ನಮ್ಮ ಅಡುಗೆಮನೆಗಳಲ್ಲಿ ಸಿಂಕಿನ ಸುತ್ತ ನೀರು ಆರುವ ಹೊತ್ತೇ ಇಲ್ಲ. ಪಾತ್ರೆ ತೊಳೆಯುವವರು ಬಂದು ಹೋದ ಮೇಲೆ ಓಟಾ ನೋಡಿ, ಗೊತ್ತಾಗುತ್ತದೆ. ಯುಟ್ಯೂಬಿನಲ್ಲಿ ತೋರಿಸುವ ಅಡುಗೆಮನೆಗಳಲ್ಲಿ ಡಿಶ್‌ವಾಶರ್ ಇರುತ್ತದೆ, ಒಗ್ಗರಣೆ ಸಿಡಿಯುವುದಿಲ್ಲ, ಬಂಗುಡೆ ತೊಳೆದ ನೀರು ಹರಿಯುವುದಿಲ್ಲ. ಸಿಂಕಿಗೂ ಒಲೆಗೂ ಕಲ್ಲೇ ಸರಿ.

ಮುಲುಂಡ್_ಹಳಬ

ಮರ ಬೇಕು ಅಂತ ಮನಸ್ಸಿದ್ದರೆ ಹಳೆ ತೇಗ ಹುಡುಕಿ ಮಾರಾಯ್ರೆ. ಮುಂಬಯಿಯಲ್ಲಿ ಹಳೆ ಚಾಳು, ಬಂಗಲೆ ಕೆಡವುವಾಗ ತೊಲೆ, ಜಂತಿ, ಬಾಗಿಲ ಚೌಕಟ್ಟು ಎಲ್ಲ ಹೊರಗೆ ಬರುತ್ತವೆ. ಬ್ರಿಟಿಷರ ಕಾಲದ ಕಟ್ಟಡಗಳಿಗೆ ಬಳಸಿದ್ದು ಹೆಚ್ಚಾಗಿ ಬರ್ಮಾ ತೇಗ. ನೂರು ಮಳೆಗಾಲ ಕಂಡ ಮರ ಇನ್ನು ಸೊಟ್ಟಗಾಗುವುದು ತೀರಾ ಕಡಿಮೆ. ಇಲ್ಲಿ ಜೋಗೇಶ್ವರಿ-ಓಶಿವರಾ ಕಡೆ, ರೇ ರೋಡ್ ಕಡೆ ಸಿಗುತ್ತದೆ. ನಿಮ್ಮ ಪುಣೆಯಲ್ಲೂ ಪೇಠ್‌ಗಳ (ಹಳೆ ಪೇಟೆಗಳ) ವಾಡೆಗಳು, ಅಂದರೆ ಹಳೆ ದೊಡ್ಡ ಮನೆಗಳು, ಒಂದೊಂದಾಗಿ ಇಳಿಯುತ್ತಿವೆಯಲ್ಲ, ಅಲ್ಲಿಯ ಮರ ಎಲ್ಲಿಗೆ ಹೋಗುತ್ತದೆ ಅಂತ ವಿಚಾರಿಸಿ.

‘ಹೊಸ ಬರ್ಮಾ ತೇಗ’ ಅಂತ ಯಾರಾದರೂ ಕೊಟ್ಟರೆ ಸ್ವಲ್ಪ ಯೋಚಿಸಿ. ಮ್ಯಾನ್ಮಾರ್ 2014ರಲ್ಲೇ ದಿಮ್ಮಿ ರಫ್ತು ನಿಲ್ಲಿಸಿದೆ. ಈಗ ಹೊರಗಿನಿಂದ ಬರುವುದರಲ್ಲಿ ಬಹುಪಾಲು ಘಾನಾ, ಈಕ್ವೆಡಾರ್ ಮುಂತಾದ ಕಡೆಯ ತೋಟದ ತೇಗ. ಬೇಗ ಬೆಳೆಸಿ ಬೇಗ ಕಡಿದದ್ದು, ಅದರಲ್ಲಿ ಬಿಳಿ ಭಾಗ ಜಾಸ್ತಿ.

ಪಿಂಪ್ರಿ_ಬಡಗಿ

ಅಕ್ಕಾ, ನಾನು ಶಿವಮೊಗ್ಗದ ಕಡೆಯವನು, ಪಿಂಪ್ರಿಯಲ್ಲಿ ಮರಗೆಲಸದ ವರ್ಕ್‌ಶಾಪ್ ಇದೆ. ಇದೇ ಕೆಲಸ ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ.

ವಾಶಿಯವರು ಹೇಳಿದ್ದಕ್ಕೆ ನನ್ನದೂ ಸಹಿ. ಸಿಂಕ್ ಇರುವ ಕಡೆ, ಒಲೆ ಇರುವ ಕಡೆ ಗ್ರಾನೈಟ್ ಬಿಡಿ. ನಡುವೆ ನಾಲ್ಕಡಿ ಮರ ಹಾಕಿಸಿ. ತರಕಾರಿ ಹೆಚ್ಚೋದು, ರೊಟ್ಟಿ ಬಡಿಯೋದು, ಹಿಟ್ಟು ನಾದೋದು ಎಲ್ಲ ಅಲ್ಲೇ ಅಲ್ವಾ ನಡೆಯೋದು? ಮರದ ಸುಖ ಸಿಗೋದೂ ಅಲ್ಲೇ. ಸಿಂಕಿಗೆ ಮರದಲ್ಲಿ ಕಿಂಡಿ ಕೊರೆದರೆ ಎಳೆಗಳ ತುದಿ ಬಾಯಿ ತೆರೆದುಕೊಳ್ಳುತ್ತೆ. ಮರ ನೀರು ಕುಡಿಯೋದು ಆ ತುದಿಯಿಂದಲೇ. ಎಷ್ಟೇ ಸಿಲಿಕೋನ್ ತುಂಬಿದರೂ ಮೊದಲು ಕಪ್ಪಾಗೋದು ಸಿಂಕಿನ ಬಾಯಿ, ಆಮೇಲೆ ಉಳಿದದ್ದು.

ಇನ್ನು ಪುಣೆಯ ವಿಷಯ. ಎಲ್ಲರೂ ಮುಂಬಯಿ ಮಳೆಗೆ ಹೆದರ್ತಾರೆ, ನನ್ನ ಲೆಕ್ಕದಲ್ಲಿ ಮರಕ್ಕೆ ಪುಣೆಯೇ ಕಷ್ಟದ ಊರು. ಮುಂಬಯಿಯಲ್ಲಿ ಸಮುದ್ರ ಪಕ್ಕದಲ್ಲೇ ಇರೋದ್ರಿಂದ ವರ್ಷವಿಡೀ ಗಾಳಿಯಲ್ಲಿ ತೇವ ಇದ್ದೇ ಇರುತ್ತೆ, ಏರಿಳಿತ ಕಡಿಮೆ. ಇಲ್ಲಿ ಏಪ್ರಿಲ್-ಮೇ ಮಧ್ಯಾಹ್ನ ತೇವಾಂಶ ಶೇ. 20-30ಕ್ಕೆ ಇಳಿಯುತ್ತೆ, ಜುಲೈ-ಆಗಸ್ಟ್‌ನಲ್ಲಿ ಶೇ. 80 ದಾಟುತ್ತೆ. ಬೇಸಿಗೆಯಲ್ಲಿ ಮರ ಕುಗ್ಗುತ್ತೆ, ಮಳೆಗಾಲದಲ್ಲಿ ಹಿಗ್ಗುತ್ತೆ. ಅದನ್ನ ತಡೆಯೋಕೆ ಯಾವ ಪಾಲಿಶಿನಿಂದಲೂ ಆಗಲ್ಲ, ನಿಧಾನ ಮಾಡಬಹುದು ಅಷ್ಟೇ.

ಎಷ್ಟು ಹಿಗ್ಗುತ್ತೆ ಅಂತ ಕೇಳಿದರೆ (ಇಲ್ಲಿ ಎಳೆ ಅಂದರೆ ಮರ ಬೆಳೆದ ಬಳೆಗಳ ಗೆರೆ): ಮರದೊಳಗಿನ ತೇವ ಶೇ. 6ರಷ್ಟು ಏರಿಳಿದರೆ ಎರಡಡಿ ಅಗಲದ ತೇಗದ ಹಾಸು, ಎಳೆ ಅಡ್ಡಡ್ಡ ಮಲಗಿದ್ದರೆ ಸುಮಾರು 7 ಮಿ.ಮೀ., ಎಳೆ ನೆಟ್ಟಗೆ ನಿಂತಿದ್ದರೆ 4 ಮಿ.ಮೀ.ಗೂ ಕಡಿಮೆ. ಬೀಚ್ ಇದರ ಎರಡು ಪಟ್ಟು ಓಡಾಡುತ್ತೆ. ಯುರೋಪಿನಲ್ಲಿ ಬೀಚ್ ಒಳ್ಳೆ ಮರವೇ, ಚಾಕು ಏಟಿಗೆ ತೇಗಕ್ಕಿಂತ ಗಟ್ಟಿ ಕೂಡ. ಅಲ್ಲಿಯ ಮನೆಗಳ ಹವೆ ಬೇರೆ. ನಮ್ಮ ಮೇ ತಿಂಗಳಿಗೆ, ನಮ್ಮ ಜುಲೈಗೆ ಅದು ಸಿಕ್ಕಿಹಾಕಿಕೊಂಡರೆ ಜಾಯಿಂಟ್ ಬಿಡುತ್ತೆ.

ಎಳೆ ನಿಲ್ಲಿಸೋ ವಿಧಾನ ಸುಲಭ, ಸುತಾರನಿಗೆ ಕೂತು ಹೇಳಿ. ಪೇಟೆಯಲ್ಲಿ ಸಿಗೋ ಹಲಗೆಯಲ್ಲಿ ಎಳೆ ಸಾಮಾನ್ಯವಾಗಿ ಮಲಗಿರುತ್ತೆ, ಮೇಲ್ಮೈಯಲ್ಲಿ ಬೆಟ್ಟದ ಆಕಾರದ ಗೆರೆ ಕಾಣುತ್ತಲ್ಲ, ಅದು. ಎರಡಿಂಚು ದಪ್ಪದ ಅಂಥ ಹಲಗೆ ತಗೊಂಡು ಒಂದೂಮುಕ್ಕಾಲು ಇಂಚಿನ ಪಟ್ಟಿಗಳಾಗಿ ಸೀಳಿ. ಪ್ರತಿ ಪಟ್ಟಿಯನ್ನೂ ಮಗ್ಗುಲಿಗೆ ಹೊರಳಿಸಿ ನಿಲ್ಲಿಸಿ. ಈಗ ಮೇಲೆ ಕಾಣೋದು ಹಲಗೆಯ ಮುಖ ಅಲ್ಲ, ಅದರ ಬದಿ. ಗೆರೆಗಳು ನೇರ, ಉದ್ದುದ್ದ. ಹಿಗ್ಗೋದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಅಂಟಿಸಿ ರಂಧಾ ಹೊಡೆದ (ಉಜ್ಜುಗೊರಡಿನಿಂದ ಹೆರೆದು ನಯಮಾಡಿದ) ಮೇಲೆ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಉಳಿಯಬೇಕು. ಅದಕ್ಕಿಂತ ತೆಳು ಬೇಡ, ಮುಂದೆ ಉಜ್ಜಿ ಹೊಸದು ಮಾಡೋಕೆ ಮಾಂಸ ಇರಬೇಕಲ್ಲ.

ಲೆಕ್ಕ: ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಇಂಚು ದಪ್ಪ ಅಂದರೆ ಸರಿಯಾಗಿ ಒಂದು ಘನ ಅಡಿ. ಸೀಳು, ರಂಧಾ, ಗಂಟು ತೆಗೆಯೋದು ಎಲ್ಲ ಸೇರಿ ಒಂದೂವರೆಗೂ ಸ್ವಲ್ಪ ಜಾಸ್ತಿ ತಗೊಳ್ಳಿ. ಭವಾನಿ ಪೇಠ್ ಟಿಂಬರ್ ಮಾರ್ಕೆಟ್ಟಿನಲ್ಲಿ ಸಿಪಿ ತೇಗ (ಹಳೆ ಸೆಂಟ್ರಲ್ ಪ್ರಾವಿನ್ಸಸ್ ಹೆಸರಿನದು) ಕೇಳಿ, ಬಲ್ಲಾರ್‌ಶಾ ಕಡೆಯಿಂದ ಬರೋದು. ನಮ್ಮ ದಾಂಡೇಲಿ ಡಿಪೋದ ಮರವೂ ಚೆನ್ನ, ಸಿಕ್ಕರೆ. ಯಾವುದೇ ಆಗಲಿ ಕೆಚ್ಚು, ಅಂದರೆ ಮರದ ಒಳಗಿನ ಗಾಢ ಬಣ್ಣದ ಭಾಗ, ಮಾತ್ರ ಬಳಸಬೇಕು. ಅಂಚಿನ ಬಿಳಿ ಭಾಗ ಗೆದ್ದಲಿಗೂ ಕುಟ್ಟೆಹುಳಕ್ಕೂ ಊಟ. ತೇವ ಅಳೆಯೋ ಮೀಟರ್ ಅಂಗಡಿಯಲ್ಲಿ ಇಲ್ಲದಿದ್ದರೆ ಸುತಾರನ ಹತ್ತಿರ ಇರುತ್ತೆ. ಪುಣೆಗೆ ಶೇ. 10ರಿಂದ 12 ಬಂದರೆ ಸರಿ.

ಅಂಟಿನ ವಿಷಯದಲ್ಲಿ ಒಂದು ಎಚ್ಚರ. ತೇಗದಲ್ಲಿ ಅದರದ್ದೇ ಎಣ್ಣೆ ಇದೆ, ನೀರು ತಡೆಯೋದು ಅದೇ ಎಣ್ಣೆ, ಅಂಟು ಹಿಡಿಯದ ಹಾಗೆ ಮಾಡೋದೂ ಅದೇ. ರಂಧಾ ಹೊಡೆದ ದಿನವೇ ಅಂಟಿಸಬೇಕು. ಅಂಟಿಸುವ ಮೊದಲು ಬಟ್ಟೆಗೆ ಅಸಿಟೋನ್ ತಾಗಿಸಿ ಎರಡೂ ಮುಖ ಒರೆಸಬೇಕು. ಅಂಟು ನೀರು ತಡೆಯುವಂಥದ್ದೇ ಆಗಬೇಕು, ಫೆವಿಕಾಲ್ ಮರೀನ್ ಆದರೂ ನಡೆಯುತ್ತೆ, ಮಾಮೂಲಿ ಬಿಳಿ ಅಂಟು ಬೇಡ.

ರಬ್ಬರ್ ವುಡ್ ಕೆಟ್ಟ ಮರ ಅಲ್ಲ. ಹಾಲು ಇಳಿಸಿ ಮುಗಿದ 25-30 ವರ್ಷದ ಮರ, ಕಾಡು ಕಡಿದದ್ದಲ್ಲ, ಅಷ್ಟೇನೂ ಓಡಾಡಲ್ಲ. ಆದರೆ ಅದಕ್ಕೆ ಸ್ವಂತ ರಕ್ಷಣೆ ಅನ್ನೋದೇ ಇಲ್ಲ. ಕಾರ್ಖಾನೆಯಲ್ಲಿ ಬೋರಾನ್ ಉಪ್ಪು ಕುಡಿಸಿರ್ತಾರೆ, ಹುಳ-ಬೂಷ್ಟು ಬರದಿರಲಿ ಅಂತ. ಆ ಉಪ್ಪು ನೀರಲ್ಲಿ ಕರಗಿ ಹೋಗುವಂಥದ್ದು. ಕಪಾಟು, ಮೇಜು, ಮಕ್ಕಳ ಮಂಚಕ್ಕೆ ಧಾರಾಳವಾಗಿ ಹಾಕಿಸಿ. ಒದ್ದೆ ಬಟ್ಟೆಯಲ್ಲಿ ದಿನಕ್ಕೆ ನಾಲ್ಕು ಸಲ ಒರೆಸೋ ಕಟ್ಟೆಗೆ ನಾನು ಹಾಕಲ್ಲ.

ಪಾಲಿಶ್ ವಿಷಯ ಡೊಂಬಿವಲಿಯವರು ನನಗಿಂತ ಚೆನ್ನಾಗಿ ಹೇಳ್ತಾರೆ, ಬಣ್ಣದ ರಸಾಯನವೇ ಅವರ ಕಸುಬು.

ಕೊತ್ರೂಡ್_ಅಡಿಗಿಮನಿ

ಅಬ್ಬಾ, ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ. ಭಾಳ ಉಪಕಾರ ಅಣ್ಣಾ. ನಾಲ್ಕು ಫೂಟಿನ ಮಾತು ನಮ್ಮ ಮನಿಯವರಿಗೂ ಒಪ್ಪಿಗಿ ಆತು. ಕೊಬ್ಬರಿಎಣ್ಣಿ ಹಚ್ಚಿದ್ರ ನಡಿಯಂಗಿಲ್ಲೇನು? ನಮ್ಮತ್ತಿಯವರು ಲಟ್ಟಣಗಿಗೆ ಅದನ್ನ ಹಚ್ಚತಿದ್ರು.

ಡೊಂಬಿವಲಿ_ರಸಾಯನ

ಮೇಡಂ, ಲಟ್ಟಣಿಗೆಗೆ ನಡೆಯುತ್ತದೆ. ಕೈಯಲ್ಲಿ ಹಿಡಿದು ದಿನಾ ತೊಳೆದು ಬಿಸಿಲಿಗಿಡುವ ಚಿಕ್ಕ ವಸ್ತು ಅದು. ಕಟ್ಟೆಗೆ ಬೇಡ, ಕಾರಣ ಹೇಳುತ್ತೇನೆ.

ಎಣ್ಣೆಗಳಲ್ಲಿ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಜಾತಿ ಒಂದು, ಎಷ್ಟು ದಿನ ಇಟ್ಟರೂ ಎಣ್ಣೆಯಾಗಿಯೇ ಉಳಿಯುವ ಜಾತಿ ಇನ್ನೊಂದು. ನಮ್ಮ ಕೆಲಸದಲ್ಲಿ ಅಯೋಡಿನ್ ಮೌಲ್ಯ ಅಂತ ಅಳೆಯುತ್ತೇವೆ. ಅದು ಸುಮಾರು 130 ದಾಟಿದರೆ ಒಣಗುವ ಎಣ್ಣೆ. ಕೊಬ್ಬರಿಎಣ್ಣೆಯದು ಹತ್ತರ ಆಸುಪಾಸು, ಶೇಂಗಾದ್ದು ನೂರರ ಹತ್ತಿರ. ಅಗಸೆಯದು 170ರ ಮೇಲೆ. ಕೊಬ್ಬರಿ, ಶೇಂಗಾ ಎಣ್ಣೆ ಮರದೊಳಗೆ ಹಸಿಯಾಗಿಯೇ ಕೂರುತ್ತವೆ, ದಿನ ಕಳೆದಂತೆ ಕಮಟು ಹಿಡಿಯುತ್ತವೆ, ಅಂಟಂಟಾಗುತ್ತವೆ.

ನಿಮಗಿರುವ ದಾರಿ ಮೂರು.

ಮೊದಲನೆಯದು ಲಿಕ್ವಿಡ್ ಪ್ಯಾರಾಫಿನ್. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುತ್ತಾರಲ್ಲ, ಅದೇ. ಸೀಸೆಯ ಮೇಲೆ ಐ.ಪಿ. (ಇಂಡಿಯನ್ ಫಾರ್ಮಾಕೋಪಿಯಾ, ಔಷಧದ ಗುಣಮಟ್ಟದ ಗುರುತು) ಅಂತ ಇರಬೇಕು. ಬೇಬಿ ಆಯಿಲ್ ಬೇಡ, ಅದರಲ್ಲಿ ಸುಗಂಧ ಬೆರೆಸಿರುತ್ತಾರೆ. ಇದು ಒಣಗುವುದೂ ಇಲ್ಲ, ಕೆಡುವುದೂ ಇಲ್ಲ. ಆದರೆ ತೊಳೆದಂತೆ ಹೋಗುತ್ತಿರುತ್ತದೆ, ಆಗಾಗ ಹಚ್ಚುತ್ತಿರಬೇಕು. ನಾಲ್ಕು ಭಾಗ ಪ್ಯಾರಾಫಿನ್‌ಗೆ ಒಂದು ಭಾಗ ಜೇನುಮೇಣ ತೂಕ ಮಾಡಿ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದರೆ ಬೆಣ್ಣೆಯ ಹದದ ಮುಲಾಮು ಸಿಗುತ್ತದೆ. ಮೇಣ 62-64 ಡಿಗ್ರಿಗೆ ಕರಗುತ್ತದೆ. ನೇರ ಉರಿಯ ಮೇಲೆ ಇಡಬೇಡಿ. ಜೇನುಮೇಣ ಖಾದಿ ಭಂಡಾರದಲ್ಲಿ ಕೇಳಿ ನೋಡಿ.

ಎರಡನೆಯದು ಟಂಗ್ ಎಣ್ಣೆ, ನನ್ನ ಮೆಚ್ಚಿನದು. ಚೀನಾದ ಟಂಗ್ ಮರದ ಬೀಜದ ಎಣ್ಣೆ. ಮರದೊಳಗೇ ಗಟ್ಟಿಯಾಗುತ್ತದೆ, ಮೇಲೆ ಪದರ ಕಟ್ಟುವುದಿಲ್ಲ. ಅಗಸೆಗಿಂತ ನೀರು ಚೆನ್ನಾಗಿ ತಡೆಯುತ್ತದೆ. ‘ಶುದ್ಧ ಟಂಗ್ ಎಣ್ಣೆ’ ಅಂತಲೇ ಕೇಳಬೇಕು. ‘ಟಂಗ್ ಆಯಿಲ್ ಫಿನಿಶ್’ ಅಂತ ಬರೆದಿದ್ದರೆ ಅದು ಹೆಚ್ಚಾಗಿ ವಾರ್ನಿಶ್. ಮೊದಲ ಕೋಟಿಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಒಳಗೆ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಮೇಲೆ ಉಳಿದದ್ದನ್ನು ಒಂದು ಹನಿಯೂ ಇಲ್ಲದಂತೆ ಒರೆಸಿ ತೆಗೆಯಿರಿ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು, ಹೀಗೆ ನಾಲ್ಕೈದು. ಎಲ್ಲ ಮುಗಿದ ಮೇಲೂ ಪೂರ್ತಿ ಗಟ್ಟಿಯಾಗಲು ತಿಂಗಳು ಹಿಡಿಯುತ್ತದೆ. ತೇಗದ ಸ್ವಂತ ಎಣ್ಣೆ ಇದನ್ನು ಇನ್ನಷ್ಟು ತಡಮಾಡುತ್ತದೆ, ಅವಸರ ಬೇಡ. ಮಳೆಗಾಲದಲ್ಲಿ ಈ ಕೆಲಸ ಶುರುಮಾಡಬೇಡಿ.

ಅಗಸೆ ಎಣ್ಣೆಯೂ ಇದೇ ಜಾತಿ. ಕಿರಾಣಿಯಲ್ಲಿ ಜವಸ್ ತೇಲ್ ಅಂತ ಸಿಗುವ ತಿನ್ನುವ ಎಣ್ಣೆ ಸುರಕ್ಷಿತ, ಆದರೆ ತುಂಬಾ ನಿಧಾನ ಒಣಗುತ್ತದೆ, ಹಳದಿಗೆ ತಿರುಗುತ್ತದೆ. ನಮ್ಮ ಕಡೆಯ ಜುಲೈನಲ್ಲಿ ಅದರ ಮೇಲೆ ಬೂಷ್ಟು ಬರುತ್ತದೆ. ಬಣ್ಣದಂಗಡಿಯ ‘ಬಾಯ್ಲ್ಡ್ ಲಿನ್‌ಸೀಡ್’ ಅಡುಗೆ ಕಟ್ಟೆಗೆ ಬೇಡ, ಬೇಗ ಒಣಗಲಿ ಅಂತ ಲೋಹದ ಲವಣ ಬೆರೆಸಿರುತ್ತಾರೆ.

ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ: ಟಂಗ್ ಆಗಲಿ ಅಗಸೆ ಆಗಲಿ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಅದು ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಒಂದೊಂದೇ ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಕೆಲಸದವರಿಗೆ ಇದು ಗೊತ್ತಿದೆ ಅಂದುಕೊಳ್ಳಬೇಡಿ, ನೀವೇ ನಿಂತು ನೋಡಿ.

ಮೂರನೆಯದು ಪಿಯು, ಮೆಲಮೈನ್ ತರದ ಪದರ ಕಟ್ಟುವ ಪಾಲಿಶ್. ಪಿಯು ಪೂರ್ತಿ ಗಟ್ಟಿಯಾದ ಮೇಲೆ ಆಹಾರ ತಾಗಿದರೆ ವಿಷ ಅನ್ನುವ ಹೆದರಿಕೆಗೆ ಆಧಾರವಿಲ್ಲ. ತೊಂದರೆ ಬೇರೆ. ಚಾಕು ಪದರವನ್ನು ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ಹೊರಬರಲು ದಾರಿ ಇಲ್ಲದೆ ಒಳಗೇ ಕಪ್ಪಾಗುತ್ತದೆ. ಆಮೇಲೆ ಅಷ್ಟು ಜಾಗ ಮಾತ್ರ ಸರಿಮಾಡಲು ಬರುವುದಿಲ್ಲ, ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ಮೆಲಮೈನ್ ಇನ್ನೂ ಪೆಡಸು, ಒಣಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಹೆಚ್ಚದ, ಬಡಿಯದ ಜಾಗಕ್ಕೆ ಪಿಯು ಒಳ್ಳೆಯದೇ. ರೊಟ್ಟಿ ಬಡಿಯುವ ಕಡೆ ಬೇಡ.

ಪಿಂಪ್ರಿ_ಬಡಗಿ

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪ್ಯಾರಾಫಿನ್ ಮೊದಲು ಹಚ್ಚಿಬಿಟ್ಟರೆ ಆಮೇಲೆ ಟಂಗ್ ಹಿಡಿಯಲ್ಲ, ಪಿಯು ಅಂತೂ ಹಿಡಿಯೋದೇ ಇಲ್ಲ. ಯಾವುದು ಅಂತ ಮೊದಲೇ ತೀರ್ಮಾನ ಮಾಡಿ. ಟಂಗ್ ಗಟ್ಟಿಯಾದ ಮೇಲೆ ಅದರ ಮೇಲೆ ಮೇಣದ ಮುಲಾಮು ತಿಕ್ಕೋದಕ್ಕೆ ಅಡ್ಡಿ ಇಲ್ಲ, ನನ್ನ ಗಿರಾಕಿಗಳಿಗೆ ಹಾಗೇ ಹೇಳೋದು.

ಉಜ್ಜುವಾಗ ಮಾಸ್ಕ್ ಹಾಕಿಸಿ. ತೇಗದ ಪುಡಿ ಕೆಲವರಿಗೆ ಮೈ ತುರಿಕೆ, ಕೆಮ್ಮು ತರುತ್ತೆ.

ಫೋಂಡಾ_ಹಿತ್ತಲು

ಗೋವೆಯಿಂದ ಬರೆಯುತ್ತಿದ್ದೇನೆ. ತೇಗದ ಮಾತೇ ಆಯ್ತು, ಹಲಸನ್ನು ಯಾಕೆ ಬಿಟ್ಟಿರಿ? ನಮ್ಮ ಕಡೆ, ಅಂದರೆ ಗೋವೆಯಲ್ಲೂ ಕಾರವಾರದಲ್ಲೂ, ಹಳೆ ಮನೆಗಳ ಬಾಗಿಲು, ಮಣೆ, ಪೆಟ್ಟಿಗೆ ಎಲ್ಲ ಹಲಸಿನದೇ. ವೀಣೆಗೂ ಅದೇ ಮರ. ಕಡಿದಾಗ ಅರಿಶಿನದ ಹಳದಿ, ವರ್ಷ ಕಳೆದಂತೆ ಕಂದು ತಿರುಗುತ್ತದೆ. ಅರಿಶಿನದ ಕಲೆ ಅದರ ಮೇಲೆ ಕಣ್ಣಿಗೇ ಬೀಳುವುದಿಲ್ಲ, ಕೊತ್ರೂಡದ ಅಕ್ಕನಿಗೆ ಇದು ದೊಡ್ಡ ಅನುಕೂಲ. ಗೆದ್ದಲು ಹತ್ತುವುದು ಕಡಿಮೆ. ಅಗಲದ ಒಣ ಹಲಗೆ ಸಿಗುವುದೇ ಕಷ್ಟ, ಆದರೆ ಪಟ್ಟಿ ಅಂಟಿಸುವ ಕೆಲಸಕ್ಕೆ ಅಗಲ ಬೇಕಾಗಿಲ್ಲವಲ್ಲ.

ನಿಮ್ಮದೇ ಹಿತ್ತಲಿನ ಮರ ಆದರೂ ಗೋವೆಯಲ್ಲಿ ಕಡಿಯಲು ಅನುಮತಿ ಬೇಕು, 1984ರ ಮರ ಸಂರಕ್ಷಣಾ ಕಾಯ್ದೆ ಇದೆ. ಗಾಳಿಗೆ ಬಿದ್ದ ಮರ ಯಾರಾದರೂ ಸೀಳಿಸಿ ಒಣಗಿಸಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನೆರಳಲ್ಲಿ, ನಡುವೆ ರಿಪೀಸು (ಸಣ್ಣ ಮರದ ಪಟ್ಟಿ) ಕೊಟ್ಟು ಪೇರಿಸಿ, ಇಂಚಿಗೆ ಒಂದು ವರ್ಷ ಒಣಗಿಸುವುದು ಇಲ್ಲಿಯ ಹಳಬರ ಲೆಕ್ಕ.

ಮತ್ತಿ ಗೋವೆಯ ರಾಜ್ಯವೃಕ್ಷ, ತೊಲೆಗೆ ಗಟ್ಟಿ, ಆದರೆ ಒಣಗುವಾಗ ಸೀಳುತ್ತದೆ. ಹೊನ್ನೆ ಹಾಕಿಸಬೇಡಿ. ಅದರ ಲೋಟದಲ್ಲಿ ನೀರಿಟ್ಟು ಸಕ್ಕರೆ ಕಾಯಿಲೆಯವರು ಕುಡಿಯುತ್ತಾರಲ್ಲ, ನೀರಿಗೆ ಬಣ್ಣ ಬಿಡುವುದೇ ಅದರ ಗುಣ. ಒದ್ದೆ ಹಿಟ್ಟು ಇಟ್ಟರೆ ಹಿಟ್ಟಿಗೂ ಬಣ್ಣ ಬರುತ್ತದೆ. ಮಾವು ಸೋವಿ, ಕುಟ್ಟೆ ಬೇಗ ಹಿಡಿಯುತ್ತದೆ.

ವಾಶಿ_ಮೀನೂಟ

ಮರದ ಮೇಲೆ ಮೀನು-ಮಾಂಸ ಕತ್ತರಿಸಿದರೆ ಕ್ರಿಮಿ ಉಳಿಯುವುದಿಲ್ಲವೇ? ನಮ್ಮಲ್ಲಿ ಪ್ಲಾಸ್ಟಿಕ್ ಬೋರ್ಡ್ ಇದೆ, ತೊಳೆಯಲು ಸುಲಭ.

ಡೊಂಬಿವಲಿ_ರಸಾಯನ

ಇದಕ್ಕೆ ಒಳ್ಳೆಯ ಸಂಶೋಧನೆ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಅವರ ತಂಡ 1994ರಲ್ಲಿ ಪ್ರಕಟಿಸಿದ್ದು. ಮರದ ಮೇಲೆ ಬಿಟ್ಟ ಬ್ಯಾಕ್ಟೀರಿಯಾವನ್ನು ಮರ ಒಳಗೆ ಎಳೆದುಕೊಂಡಿತು, ಮೇಲ್ಮೈಯಿಂದ ಮತ್ತೆ ಅವು ಅಷ್ಟಾಗಿ ಸಿಗಲಿಲ್ಲ. ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್‌ನಲ್ಲಿ ಮಾತ್ರ ಕೈಯಿಂದ ತೊಳೆದ ಮೇಲೂ ಉಳಿದವು. ಹಾಗಂತ ಹಸಿ ಮೀನನ್ನು ಕಟ್ಟೆಯ ಮೇಲೇ ಕೊಯ್ಯಿರಿ ಅನ್ನುತ್ತಿಲ್ಲ. ಕಟ್ಟೆಯನ್ನು ಎತ್ತಿ ಸಿಂಕಿನಲ್ಲಿ ತೊಳೆಯಲು ಬರುವುದಿಲ್ಲ. ಮೀನು-ಮಾಂಸಕ್ಕೆ ಬೇರೆ ಹಲಗೆ ಇರಲಿ.

ಮುಲುಂಡ್_ಹಳಬ

ಮುಂಬಯಿಯ ಮಟನ್ ಅಂಗಡಿಗಳಲ್ಲಿ ಇರುವುದು ಹುಣಸೆ ದಿಮ್ಮಿ, ಅಡ್ಡ ಕುಯ್ದದ್ದು. ಎಳೆ ಮೇಲ್ಮುಖವಾಗಿ ನಿಂತಿರುತ್ತದೆ, ಕತ್ತಿ ಎಳೆಗಳ ನಡುವೆ ಹೋಗಿ ಬರುತ್ತದೆ, ಚಕ್ಕೆ ಏಳುವುದಿಲ್ಲ. ವಾಶಿಯವರು ಅಂಥ ಒಂದು ಚಿಕ್ಕ ತುಂಡು ಮಾಡಿಸಿ ನೋಡಬಹುದು. ಇಡೀ ಕಟ್ಟೆಯನ್ನು ಹಾಗೆ ಮಾಡಿಸಿದರೆ ನೀರು ಜಾಸ್ತಿ ಕುಡಿಯುತ್ತದೆ, ಅದು ಬೇಡ.

ಇನ್ನೊಂದು, ಒದ್ದೆಯಾದ ಕಬ್ಬಿಣ. ದೋಸೆ ಕಾವಲಿ, ಈಳಿಗೆಮಣೆ, ಹಳೆ ಚೂರಿ ತೇಗದ ಮೇಲೆ ರಾತ್ರಿ ಇಟ್ಟರೆ ಬೆಳಿಗ್ಗೆ ನೀಲಿ-ಕಪ್ಪು ಕಲೆ ಇರುತ್ತದೆ. ಕೊಳೆ ಅಂತ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಡೊಂಬಿವಲಿ_ರಸಾಯನ

ಸರಿ. ಮರದ ಟ್ಯಾನಿನ್ (ಒಗರು ಅಂಶ) ಮತ್ತು ಕಬ್ಬಿಣ ಸೇರಿ ಆಗುವ ಬಣ್ಣ ಅದು. ಹುಣಸೆಹುಳಿ, ನಿಂಬೆ ಬಿದ್ದರೆ ಕಬ್ಬಿಣ ಇನ್ನೂ ಬೇಗ ಕರಗುತ್ತದೆ. ಆಕ್ಸಾಲಿಕ್ ಆಮ್ಲದ ತಿಳಿ ದ್ರಾವಣ ಹಚ್ಚಿದರೆ ಕಲೆ ಹೋಗುತ್ತದೆ, ಆದರೆ ಅದು ವಿಷ. ಕೈಗವಸು ಹಾಕಿ ಹಚ್ಚಬೇಕು, ಮಕ್ಕಳನ್ನು ದೂರ ಇಡಬೇಕು, ಆಮೇಲೆ ಹಲವು ಸಲ ನೀರಿನ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಅಷ್ಟಾದ ಮೇಲೆ ಎಣ್ಣೆ ಮತ್ತೆ ಹಚ್ಚಿ.

ಅರಿಶಿನಕ್ಕೆ ಏನೂ ಬಳಿಯಬೇಡಿ. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಕರ್ಕ್ಯುಮಿನ್ (ಅರಿಶಿನದ ಹಳದಿ ಬಣ್ಣದ ಅಂಶ) ಬೆಳಕಿಗೆ ತಾನಾಗಿ ಮಾಸುತ್ತದೆ.

ಕೊತ್ರೂಡ್_ಅಡಿಗಿಮನಿ

ಎಲ್ಲಾರೂ ಹೇಳಿದ್ದು ಮನ್ಯಾಗ ಕೂತು ಓದಿ ತೀರ್ಮಾನ ಮಾಡೀವಿ. ಸಿಂಕಿನ ಕಡೆ ಮೂರು ಫೂಟ್ ಗ್ರಾನೈಟ್, ಒಲಿ ಕಡೆ ಎರಡು ಫೂಟ್ ಗ್ರಾನೈಟ್, ನಡುವ ನಾಲ್ಕು ಫೂಟ್ ಹಳೇ ಸಾಗವಾನಿ. ಸುತಾರನ ಪರಿಚಯದವರ ಕಡೆ ಶನಿವಾರ ಪೇಠದ ವಾಡೇದ ತೊಲಿ ಅವ. ಮೊಳಿ ಇದ್ರ ಯಂತ್ರದ ಬ್ಲೇಡ್ ಮುರೀತದ ಅಂತ ಗಿರಣ್ಯಾವ ಹಿಂದ ಮುಂದ ನೋಡ್ಲಿಕ್ಕೆ ಹತ್ಯಾನ. ಟಂಗ್ ಎಣ್ಣಿ ಹಚ್ಚಿ ಮ್ಯಾಲ ಮೇಣ. ಕುಕ್ಕರಿನ ಸಲುವಾಗಿ ನಮ್ಮತ್ತಿ ಕಾಲದ ಸಿಂಬಿ ಹೊರಗ ತಗದೀನಿ, ಬಿಸಿ ಪಾತ್ರಿ ಎಲ್ಲಾ ಅದರ ಮ್ಯಾಲ.

ಇನ್ನ ಎರಡು ಪ್ರಶ್ನಿ ಉಳದಾವ. ಕಲ್ಲಿಗೂ ಮರಕ್ಕೂ ಜೋಡಿ ಹೆಂಗ ಮಾಡೋದು? ಸುತಾರ ಕೆಳಗಿನ ಕಡಪಾ ಕಲ್ಲಿಗೆ ಅಂಟು ಹಾಕಿ ಕೂಡಸ್ತೀನಿ ಅಂತಾನ. ಮತ್ತ ಈಗ ಮೇ ತಿಂಗಳು ನಡದದ, ಮಳಿ ಬರೂದ್ರಾಗ ಮುಗಸಬೇಕೋ, ದೀಪಾವಳಿ ತನಕ ತಡೀಬೇಕೋ?

ಪಿಂಪ್ರಿ_ಬಡಗಿ

ಮೊಳೆಗೆ ಲೋಹ ಹುಡುಕುವ ಕೈಯಂತ್ರ ಸಿಗುತ್ತೆ, ತೊಲೆಯ ನಾಲ್ಕೂ ಮಗ್ಗುಲಿಗೆ ಆಡಿಸಿ ಒಂದೊಂದೇ ಕೀಳಿಸಿ. ಮೊಳೆಯ ಸುತ್ತ ಕಪ್ಪಾದ ಮರ ಬಿಟ್ಟುಬಿಡಿ. ಹಳೆ ಬಣ್ಣ ಇದ್ದರೆ ಅದರಲ್ಲಿ ಸೀಸ ಇರೋ ಸಾಧ್ಯತೆ ಹೆಚ್ಚು. ಆ ಪದರವನ್ನ ಮನೆಯೊಳಗೆ ಉಜ್ಜಬೇಡಿ, ಗಿರಣಿಯಲ್ಲೇ ಸೀಳಿಸಿ ತೆಗೆಸಿ.

ಕಡಪಾಕ್ಕೆ ಅಂಟು ಬೇಡವೇ ಬೇಡ. ಹಿಗ್ಗೋ ಮರವನ್ನ ಕದಲದ ಕಲ್ಲಿಗೆ ಅಂಟಿಸಿದರೆ ಮೊದಲ ಮಳೆಗಾಲದಲ್ಲೇ ಉಬ್ಬುತ್ತೆ ಅಥವಾ ಸೀಳುತ್ತೆ. ಕಲ್ಲಿನ ಮೇಲೆ ಅಡ್ಡ ರಿಪೀಸು ಕೂರಿಸಿ, ಮರದ ಕೆಳಗೆ ಗಾಳಿ ಓಡಾಡಲಿ. ರಿಪೀಸಿನಲ್ಲಿ ಸ್ಕ್ರೂ ತೂತು ಗುಂಡಗೆ ಬೇಡ, ಗೋಡೆಯಿಂದ ನಿಮ್ಮ ಕಡೆಗೆ ಉದ್ದವಾಗಿ ಕೊರೆಸಿ. ಸ್ಕ್ರೂಗೆ ವಾಶರ್ ಹಾಕಿ ಕೆಳಗಿನಿಂದ ಬಿಗಿದರೆ ಮರ ಆಚೀಚೆ ಸರಿಯುತ್ತೆ, ಏಳಲ್ಲ. ಪಟ್ಟಿಗಳು ಉದ್ದಕ್ಕೆ ಮಲಗಿರೋದ್ರಿಂದ ಮರ ಎಡ-ಬಲಕ್ಕೆ ಬೆಳೆಯಲ್ಲ, ಎಳೆಯ ಉದ್ದಕ್ಕೆ ಹಿಗ್ಗೋದು ಲೆಕ್ಕಕ್ಕೇ ಬರಲ್ಲ. ಹಾಗಾಗಿ ಎರಡೂ ಬದಿ ಗ್ರಾನೈಟ್ ಸೇರೋ ಕಡೆ 3 ಮಿ.ಮೀ. ಬಿಟ್ಟು ನ್ಯೂಟ್ರಲ್ ಸಿಲಿಕೋನ್ ತುಂಬಿದರೆ ಸಾಕು. ಆ ಎರಡು ತುದಿಗಳಿಗೆ ಎಣ್ಣೆ ಎಷ್ಟು ಕುಡಿಯುತ್ತೋ ಅಷ್ಟು ಕುಡಿಸಿ ಆಮೇಲೆ ಕೂರಿಸಿ. ಬೆಳೆಯೋದು ಗೋಡೆಯ ಕಡೆಗೆ. ಮೇ ತಿಂಗಳಲ್ಲಿ ಮರ ಪೂರ್ತಿ ಕುಗ್ಗಿರುತ್ತೆ, ಈಗ ಕೂರಿಸಿದರೆ ಗೋಡೆಗೆ 6 ಮಿ.ಮೀ. ಬಿಡಿ, ಟೈಲ್ಸ್ ಅದನ್ನ ಮುಚ್ಚುತ್ತೆ. ಮುಂದಿನ ಅಂಚು ಜುಲೈನಲ್ಲಿ ಒಂದೆರಡು ಮಿ.ಮೀ. ಮುಂದೆ ಬಂದರೆ ಗಾಬರಿ ಆಗಬೇಡಿ.

ಕೆಳಮುಖಕ್ಕೂ ಮೇಲ್ಮುಖದಷ್ಟೇ ಕೋಟು ಹಚ್ಚಿಸಿ. ಕಣ್ಣಿಗೆ ಕಾಣಲ್ಲ ಅಂತ ಬಹಳ ಜನ ಬಿಟ್ಟುಬಿಡ್ತಾರೆ. ಒಂದೇ ಮುಖ ತೇವ ಕುಡಿದರೆ ಹಲಗೆ ದೋಣಿ ಆಗುತ್ತೆ.

ಈಗಲೋ ದೀಪಾವಳಿಗೋ ಅಂದರೆ: ಟಂಗ್ ಗಟ್ಟಿಯಾಗೋಕೆ ತಿಂಗಳು ಬೇಕು ಅಂತ ಸರ್ ಹೇಳಿದ್ದಾರೆ, ಮಳೆ ಜೂನ್ ಎರಡನೇ ವಾರಕ್ಕೆ ಬರುತ್ತೆ. ಈಗ ತೊಲೆ ಸೀಳಿಸಿ, ಪಟ್ಟಿಗಳನ್ನ ರಿಪೀಸು ಕೊಟ್ಟು ನಿಮ್ಮ ಮನೆಯೊಳಗೇ ಪೇರಿಸಿಡಿ, ನಿಮ್ಮ ಮನೆ ಹವೆಗೆ ಹೊಂದಿಕೊಳ್ಳಲಿ. ಅಲ್ಲಿಯವರೆಗೆ ಆ ನಾಲ್ಕಡಿಗೆ ಒಂದು ಪ್ಲೈವುಡ್ ತುಂಡು ಹಾಕಿ ಅಡುಗೆ ನಡೆಸಿ. ನವರಾತ್ರಿ ಮುಗಿದ ಮೇಲೆ ಅಂಟಿಸೋದು, ಎಣ್ಣೆ ಹಚ್ಚೋದು. ಆಗ ಕೂರಿಸಿದರೆ ಗೋಡೆಗೆ 4 ಮಿ.ಮೀ. ಸಾಕು.

ಕೊತ್ರೂಡ್_ಅಡಿಗಿಮನಿ

ಹಂಗಾದ್ರ ನವರಾತ್ರಿ ನಂತರನ. ನಾಳೆ ಗಿರಣ್ಯಾವನ ಕಡೆ ಹೋಗ್ತೀವಿ, ಲೋಹ ಹುಡುಕೋ ಯಂತ್ರ ಬಾಡಿಗಿಗೆ ಸಿಗತದೇನು ಅಂತ ಕೇಳ್ತೀನಿ.

ಪಿಂಪ್ರಿ_ಬಡಗಿ

ಬಾಡಿಗೆ ಯಾಕಕ್ಕಾ, ನನ್ನ ಹತ್ತಿರ ಇದೆ. ವರ್ಕ್‌ಶಾಪಿಗೆ ಯಾರನ್ನಾದರೂ ಕಳಿಸಿ, ಕೊಟ್ಟು ಕಳಿಸ್ತೀನಿ.